ಜೆರ್ಮಾಟ್‌ನಲ್ಲಿ ಮೊದಲ ಸಲ ಸ್ಕೀಯಿಂಗ್: ಬೆಂಗಳೂರಿನಿಂದ ಹೊರಡುವವರಿಗೆ ಹಂತ ಹಂತವಾಗಿ

ಸ್ವಿಟ್ಜರ್ಲೆಂಡ್ ಪ್ಯಾಕೇಜ್ ಟೂರ್‌ಗಳಲ್ಲಿ ಜೆರ್ಮಾಟ್‌ಗೆ ಹೆಚ್ಚೆಂದರೆ ಒಂದು ದಿನ ಸಿಗುತ್ತದೆ. ಬೆಳಗ್ಗೆ ರೈಲಿನಲ್ಲಿ ಬರುವುದು, ಬೆಟ್ಟ ಹತ್ತುವುದು, ಮ್ಯಾಟರ್‌ಹಾರ್ನ್ ಜೊತೆ ಫೋಟೋ, ಸಂಜೆ ವಾಪಸ್. ಅವತ್ತು ಮೋಡ ಕವಿದಿದ್ದರೆ ಆ ಶಿಖರವೂ ಕಾಣುವುದಿಲ್ಲ. ನಾನು ಮೊದಲ ಸಲ ಹೋದದ್ದು ಹೀಗೇ. ಎರಡನೇ ಸಲ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ ಆರು ರಾತ್ರಿ ಉಳಿದೆವು, ನಾನು ಸ್ಕೀ ಕಲಿತೆ. ಆ ಊರು ಎಂಥದ್ದು ಅಂತ ಗೊತ್ತಾದದ್ದು ಆಗಲೇ. ಅದಕ್ಕೇ ಶುರುವಿನಲ್ಲೇ ಹೇಳಿಬಿಡುತ್ತೇನೆ. ಐದು ರಾತ್ರಿಯಾದರೂ ಉಳಿಯಿರಿ. ಮೊದಲ ಮೂರು ದಿನ ತುತ್ತತುದಿಗೆ ಹೋಗುವ ಆಸೆ ಬಿಡಿ. ಕಲಿಯುವವರ ಇಳಿಜಾರಿನಲ್ಲೇ ಇದ್ದು ಕಲಿಯಿರಿ, ಸಂಜೆ ಊರಲ್ಲಿ ಸುಮ್ನೆ ಓಡಾಡಿ. ಉಳಿದದ್ದೆಲ್ಲ ತಾನಾಗಿ ಒದಗಿ ಬರುತ್ತದೆ.

ಜೆರ್ಮಾಟ್ ಇರುವುದು ದೇಶದ ದಕ್ಷಿಣಕ್ಕೆ, ವಾಲಿಸ್ ಪ್ರಾಂತ್ಯದ ಒಂದು ಕಣಿವೆಯ ಕೊನೆಯಲ್ಲಿ. ಅಲ್ಲಿಂದ ಮುಂದೆ ಬರೀ ಬೆಟ್ಟ, ಬೆಟ್ಟದಾಚೆ ಇಟಲಿ. ಊರಿನ ಎತ್ತರ ಸುಮಾರು 1,600 ಮೀಟರ್. ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಕೆಳಗೇ ಇದೆ. ಆದರೆ ಅಲ್ಲಿಂದ ಕೇಬಲ್ ಕಾರ್ ನಿಮ್ಮನ್ನು 3,883 ಮೀಟರಿಗೆ ಒಯ್ಯುತ್ತದೆ. ಯುರೋಪಿನಲ್ಲಿ ಕೇಬಲ್ ಕಾರ್ ಇಷ್ಟು ಎತ್ತರ ತಲುಪುವುದು ಬೇರೆಲ್ಲೂ ಇಲ್ಲ. ಇಟಲಿ ಕಡೆಯ ಚೆರ್ವೀನಿಯಾವನ್ನೂ ಸೇರಿಸಿದರೆ ಸ್ಕೀ ಹಾದಿಗಳ ಒಟ್ಟು ಉದ್ದ ಸುಮಾರು 360 ಕಿಲೋಮೀಟರ್. ಇಷ್ಟು ದೊಡ್ಡ ಸ್ಕೀ ತಾಣವಾದರೂ ಊರೊಳಗೆ ಪೆಟ್ರೋಲ್ ಕಾರು ಬಿಡುವುದಿಲ್ಲ, ಹಳೇ ಕೇರಿಗಳು ಹಾಗೇ ಉಳಿದುಕೊಂಡಿವೆ. ನನಗೆ ಈ ಊರು ಹಿಡಿಸಿದ್ದು ಇದಕ್ಕೇ.

ಯಾವ ತಿಂಗಳು ಹೋಗಬೇಕು

ಚಳಿಗಾಲದ ಸೀಸನ್ ನವೆಂಬರ್ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ ಅಂತ ಇಟ್ಟುಕೊಳ್ಳಿ. ಹಿಮನದಿಯ ಮೇಲೆ ಬೇಸಿಗೆಯಲ್ಲೂ ಸ್ಕೀ ನಡೆಯುತ್ತದೆ. ಆದರೆ 2022ರ ಜುಲೈ ಕೊನೆಯಲ್ಲಿ ಬಿಸಿಲಿನ ಝಳಕ್ಕೆ ಅದನ್ನೂ ಕೆಲಕಾಲ ನಿಲ್ಲಿಸಬೇಕಾಯಿತು. ಆ ಸುದ್ದಿ ಓದಿ ನನಗೆ ನಿಜಕ್ಕೂ ಸಂಕಟವಾಗಿತ್ತು.

ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ, ಆಮೇಲೆ ಫೆಬ್ರವರಿಯಲ್ಲಿ ಯುರೋಪಿನ ಶಾಲೆಗಳಿಗೆ ರಜೆ ಇರುವಾಗ ದರವೂ ಜಾಸ್ತಿ, ಜನವೂ ಜಾಸ್ತಿ. ಜನವರಿ ನಡುಭಾಗದಲ್ಲಿ ಜನ ಕಡಿಮೆ, ಆದರೆ ಚಳಿ ಕೊರೆಯುತ್ತದೆ, ದಿನವೂ ಚಿಕ್ಕದು. ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು ಮಾರ್ಚ್ ಎರಡನೇ ವಾರದಿಂದ ಏಪ್ರಿಲ್ ಮೊದಲ ವಾರ. ಬೆಳಕು ಹೆಚ್ಚು ಹೊತ್ತು ಇರುತ್ತದೆ, ಬಿಸಿಲು ಬೀಳುತ್ತದೆ, ಎತ್ತರದ ಜಾಗವಾದ್ದರಿಂದ ಹಿಮ ಆಗಲೂ ಗಟ್ಟಿಯಾಗಿರುತ್ತದೆ. ಮಧ್ಯಾಹ್ನದ ಮೇಲೆ ಹಿಮ ಸ್ವಲ್ಪ ಮೆತ್ತಗಾಗುತ್ತದೆ, ಆಗ ಬಿದ್ದರೆ ಪೆಟ್ಟೂ ಕಡಿಮೆ. ನಮ್ಮ ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೂ ಸರಿಹೋಗುತ್ತದೆ.

ವೀಸಾ, ವಿಮೆ, ದುಡ್ಡು

ಬೇಕಾಗುವುದು ಷೆಂಗೆನ್ ವೀಸಾ. ಅರ್ಜಿಯನ್ನು ಬೆಂಗಳೂರಿನ ವಿಎಫ್ಎಸ್ ಕೇಂದ್ರದಲ್ಲೇ ಕೊಡಬಹುದು, ಪ್ರಯಾಣಕ್ಕೆ ಆರು ತಿಂಗಳ ಮುಂಚೆಯಿಂದ ತೆಗೆದುಕೊಳ್ಳುತ್ತಾರೆ. ದೊಡ್ಡವರಿಗೆ ವೀಸಾ ಶುಲ್ಕ 90 ಯೂರೋ, ಕೇಂದ್ರದ ಸೇವಾ ಶುಲ್ಕ ಬೇರೆ. ಮಾರ್ಚ್ ಪ್ರಯಾಣಕ್ಕೆ ಡಿಸೆಂಬರ್‌ನಲ್ಲೇ ಸ್ಲಾಟ್ ಹಿಡಿಯಿರಿ.

ವೀಸಾಕ್ಕೆ ಕನಿಷ್ಠ 30,000 ಯೂರೋಗಳ ಪ್ರಯಾಣ ವಿಮೆ ಕಡ್ಡಾಯ. ಇಲ್ಲಿ ಒಂದು ನಿಮಿಷ ನಿಲ್ಲಿ. ಅಗ್ಗದ ವಿಮೆಗಳಲ್ಲಿ ಚಳಿಗಾಲದ ಆಟಗಳಿಗೆ ರಕ್ಷಣೆ ಇರುವುದಿಲ್ಲ, ಇದ್ದರೂ ಬೆಟ್ಟದ ಮೇಲಿನಿಂದ ಎತ್ತಿ ತರುವ ಖರ್ಚು ಅದರಲ್ಲಿ ಸೇರಿರುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಪಿಸ್ತ್, ಅಂದರೆ ಗುರುತು ಹಾಕಿದ ಸ್ಕೀ ಹಾದಿ, ಅದರ ಮೇಲೆ ಬಿದ್ದವರನ್ನು ಕೆಳಗೆ ಕರೆತರುವುದಕ್ಕೂ ಬಿಲ್ ಬರುತ್ತದೆ, ಹೆಲಿಕಾಪ್ಟರ್ ಬಂದರಂತೂ ಕೇಳುವುದೇ ಬೇಡ. ಪಾಲಿಸಿಯಲ್ಲಿ ಸ್ಕೀಯಿಂಗ್ ಮತ್ತು ಹೆಲಿಕಾಪ್ಟರ್ ರಕ್ಷಣೆ ಅಂತ ಬರಹದಲ್ಲಿ ಇದೆಯೇ ನೋಡಿ. ಏಜೆಂಟ್ ಬಾಯಿಮಾತಿಗೆ ತಲೆಯಾಡಿಸಬೇಡಿ.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ, ಜೆರ್ಮಾಟ್ ದುಬಾರಿ ಊರು. ಉಳಿಸಬೇಕಾದರೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯುವುದೇ ದೊಡ್ಡ ದಾರಿ. ಕುಟುಂಬಕ್ಕೆ ಇದು ಸರಿಯಾದ ಲೆಕ್ಕ. ಇನ್ನು ಸ್ಕೀ ಪಾಸ್, ಅಂದರೆ ಬೆಟ್ಟ ಹತ್ತಿಸುವ ಲಿಫ್ಟ್‌ಗಳ ಟಿಕೆಟ್. ಅದರ ದರ ದಿನದಿಂದ ದಿನಕ್ಕೆ ಬದಲಾಗುತ್ತದೆ, ಮುಂಚೆಯೇ ಆನ್‌ಲೈನ್‌ನಲ್ಲಿ ಕೊಂಡರೆ ಕಡಿಮೆ ಬೀಳುತ್ತದೆ. ಆದರೆ ಮೊದಲ ಸಲದವರು ಆರು ದಿನದ ದೊಡ್ಡ ಪಾಸ್ ಕೊಳ್ಳಬೇಡಿ. ಇಟಲಿ ಕಡೆಗೂ ಸೇರಿಸಿ ಕೊಡುವ ಪಾಸ್ ಅಂತೂ ಬೇಡವೇ ಬೇಡ. ಕಲಿಯುವ ಜಾಗಕ್ಕೆ ಯಾವ ಟಿಕೆಟ್ ಸಾಕು ಅಂತ ಸ್ಕೀ ಶಾಲೆಗೆ ಮೊದಲೇ ಒಂದು ಮೇಲ್ ಹಾಕಿ ಕೇಳಿ, ಹೇಳುತ್ತಾರೆ.

ಪೆಟ್ಟಿಗೆಯಲ್ಲಿ ಏನಿರಬೇಕು

ಜೀನ್ಸ್ ಮತ್ತು ಹತ್ತಿ ಬಟ್ಟೆ ಹಿಮದಲ್ಲಿ ಕೆಲಸಕ್ಕೆ ಬರುವುದಿಲ್ಲ. ಹತ್ತಿ ಬೆವರು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ, ಆಮೇಲೆ ನಡುಕ ಹತ್ತುತ್ತದೆ. ಮೂರು ಪದರ ಬೇಕು: ಮೈಗಂಟುವ ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆ ಸ್ವೆಟರ್, ಎಲ್ಲದರ ಮೇಲೆ ನೀರು ಮತ್ತು ಗಾಳಿ ತಡೆಯುವ ಜಾಕೆಟ್. ಸ್ಕೀ ಪ್ಯಾಂಟ್, ನೀರು ಹಿಡಿಯದ ಕೈಗವಸು, ಗಾಗಲ್ ಬೇಕೇ ಬೇಕು. ಬೆಂಗಳೂರಿನ ಡೆಕಾಥ್ಲಾನ್ ಅಂಗಡಿಗಳಲ್ಲಿ ಹುಡುಕಿದರೆ ಇದರಲ್ಲಿ ಬಹಳಷ್ಟು ಸಿಗುತ್ತದೆ, ಸ್ವಿಟ್ಜರ್ಲೆಂಡಿಗಿಂತ ಎಷ್ಟೋ ಕಡಿಮೆಗೆ. ಸ್ಕೀ, ಬೂಟು, ಕೋಲು, ಹೆಲ್ಮೆಟ್ ಜೆರ್ಮಾಟ್‌ನಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ.

ಸನ್‌ಸ್ಕ್ರೀನ್ ಮರೆಯಬೇಡಿ, ತುಟಿಗೆ ಹಚ್ಚುವುದನ್ನೂ. ಬಿಸಿಲು ಮೇಲಿನಿಂದ ಮಾತ್ರ ಅಲ್ಲ, ಹಿಮದಿಂದ ಚಿಮ್ಮಿ ಕೆಳಗಿನಿಂದಲೂ ಬರುತ್ತದೆ. ನನ್ನ ಗದ್ದದ ಅಡಿಭಾಗ ಸುಟ್ಟು ಸಿಪ್ಪೆ ಎದ್ದಿತ್ತು.

ತಿಂಡಿ ಕಟ್ಟಿಕೊಳ್ಳುವವರಿಗೆ ಒಂದು ಮಾತು. ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ರೆಡಿ ಮಿಕ್ಸ್ ತೊಂದರೆ ಇಲ್ಲ. ಆದರೆ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಭಾರತದಿಂದ ಒಯ್ಯುವಂತಿಲ್ಲ. ಅಮ್ಮ ಡಬ್ಬಿಯಲ್ಲಿ ತುಂಬಿಕೊಡುವ ತುಪ್ಪ, ಪೇಡ ಮನೆಯಲ್ಲೇ ಇರಲಿ. ನಮ್ಮ ಕಡೆಯ ದಪ್ಪ ಮೂರು ಪಿನ್ನಿನ ಪ್ಲಗ್ ಅಲ್ಲಿ ಹಿಡಿಸುವುದಿಲ್ಲ, ಅಡಾಪ್ಟರ್ ಇಟ್ಟುಕೊಳ್ಳಿ.

ಊರು ತಲುಪುವುದು

ಜ್ಯೂರಿಕ್ ವಿಮಾನ ನಿಲ್ದಾಣದ ಕೆಳಗೇ ರೈಲು ಸಿಗುತ್ತದೆ. ಅಲ್ಲಿಂದ ವಿಸ್ಪ್ ಎಂಬ ಊರಿನವರೆಗೆ ದೊಡ್ಡ ರೈಲು, ವಿಸ್ಪ್‌ನಲ್ಲಿ ಇಳಿದು ಕೆಂಪು ಬಣ್ಣದ ಚಿಕ್ಕ ರೈಲು. ಒಟ್ಟು ಮೂರೂವರೆ ಗಂಟೆ ಅಂದುಕೊಳ್ಳಿ. ಜಿನೀವಾ ಕಡೆಯಿಂದ ಬಂದರೂ ಬದಲಾಯಿಸುವುದು ವಿಸ್ಪ್‌ನಲ್ಲೇ. ಆ ಚಿಕ್ಕ ರೈಲು ಒಂದು ಗಂಟೆಗೂ ಸ್ವಲ್ಪ ಜಾಸ್ತಿ ಹೊತ್ತು ಕಣಿವೆ ಹತ್ತುತ್ತದೆ, ಕಡಿದಾದ ಕಡೆ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಹೋಗುತ್ತದೆ, ಆಗ ಕಾಲಡಿ ಸಣ್ಣ ಗಡಗಡ ಕೇಳಿಸುತ್ತದೆ. ಈ ಹಾದಿ 1891ರಿಂದ ಇದೆ. ಸ್ವಿಸ್ ಟ್ರಾವೆಲ್ ಪಾಸ್ (ಪ್ರವಾಸಿಗರು ದೇಶದ ರೈಲು, ಬಸ್ಸುಗಳಲ್ಲಿ ಓಡಾಡುವ ಪಾಸ್) ಇದ್ದರೆ ಜೆರ್ಮಾಟ್‌ವರೆಗೂ ಬೇರೆ ಟಿಕೆಟ್ ಬೇಡ.

ಜರ್ಮನಿಯಿಂದಲೋ ಬಾಸೆಲ್‌ನಿಂದಲೋ ಕಾರಲ್ಲಿ ಬರುವ ನಮ್ಮವರು ತುಂಬಾ ಜನ ಇದ್ದಾರೆ. ಅವರು ಐದು ಕಿಲೋಮೀಟರ್ ಹಿಂದಿನ ಟ್ಯಾಶ್‌ನಲ್ಲೇ ಕಾರು ನಿಲ್ಲಿಸಬೇಕು. ಅಲ್ಲಿಂದ ಷಟಲ್ ರೈಲು, ಹನ್ನೆರಡು ನಿಮಿಷ.

ಜೆರ್ಮಾಟ್ ನಿಲ್ದಾಣದ ಹೊರಗೆ ಬಂದ ತಕ್ಷಣ ಬೇರೆ ಥರ ಅನಿಸುತ್ತದೆ. ಕಾರಣ ಹೊಳೆಯಲು ಒಂದು ನಿಮಿಷ ಬೇಕು: ಎಂಜಿನ್ ಸದ್ದು ಇಲ್ಲ. ಪೆಟ್ಟಿಗೆಯಂತಿರುವ ಪುಟ್ಟ ವಿದ್ಯುತ್ ಗಾಡಿಗಳು ಸದ್ದಿಲ್ಲದೆ ಬರುತ್ತವೆ, ಅದಕ್ಕೇ ರಸ್ತೆ ದಾಟುವಾಗ ಕಿವಿ ನಂಬಬೇಡಿ, ಹಿಂದೆ ತಿರುಗಿ ನೋಡಿ. ವಯಸ್ಸಾದವರು ಜೊತೆಗಿದ್ದರೆ ಹೋಟೆಲಿಗೆ ಮೊದಲೇ ತಿಳಿಸಿ, ಹಲವರು ನಿಲ್ದಾಣಕ್ಕೇ ಗಾಡಿ ಕಳಿಸುತ್ತಾರೆ. ಮಂಜುಗಡ್ಡೆ ಕಟ್ಟಿದ ಏರು ದಾರಿಯಲ್ಲಿ ಸೂಟ್‌ಕೇಸ್ ಎಳೆಯುವ ಕಷ್ಟ ಬೇಡ.

ಬೂಟು ಸರಿ ಇದ್ದರೆ ಅರ್ಧ ಗೆದ್ದಂತೆ

ತಲುಪಿದ ಸಂಜೆಯೇ ಬಾಡಿಗೆ ಅಂಗಡಿಗೆ ಹೋಗಿ. ಬೆಳಗ್ಗೆ ಹೋದರೆ ಸಾಲು, ಅವಸರ. ಸ್ಕೀ ಬೂಟಿನ ಅಳತೆ ಸೆಂಟಿಮೀಟರಿನಲ್ಲಿ ಇರುತ್ತದೆ, ಆದ್ದರಿಂದ ಮನೆಯಲ್ಲೇ ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಹೆಬ್ಬೆರಳ ತುದಿಯವರೆಗೆ ಅಳೆದು ಬರೆದುಕೊಂಡು ಹೋಗಿ.

ಕಾಲಿಗೆ ಒಂದೇ ಒಂದು ತೆಳು ಉದ್ದ ಕಾಲುಚೀಲ. ಚಳಿ ಅಂತ ಎರಡು ಹಾಕಿಕೊಂಡರೆ ರಕ್ತ ಓಡಾಡುವುದಿಲ್ಲ, ಕಾಲು ಇನ್ನೂ ತಣ್ಣಗಾಗುತ್ತದೆ. ಥರ್ಮಲ್ ಪ್ಯಾಂಟಿನ ಅಂಚು ಬೂಟಿನೊಳಗೆ ಹೋಗಬಾರದು, ಆ ಸಣ್ಣ ಮಡಿಕೆ ಮಧ್ಯಾಹ್ನದ ಹೊತ್ತಿಗೆ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಕೆಂಪು ಗೀರು ಎಬ್ಬಿಸುತ್ತದೆ. ಬೂಟು ಹಾಕಿ ನೇರ ನಿಂತಾಗ ಬೆರಳು ಮುಂದೆ ತಾಗಬೇಕು. ಮೊಣಕಾಲು ಬಗ್ಗಿಸಿ ಮುಂದಕ್ಕೆ ವಾಲಿದಾಗ ಬೆರಳು ಒಂಚೂರು ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೆ ಏಳಬಾರದು. ಇಷ್ಟಾದರೆ ಸರಿ. ಮೊದಲ ದಿನ ನನಗೆ ಒಂದು ಅಂಗಡಿಯವರು ಒಂದು ಸೈಜ್ ದೊಡ್ಡ ಬೂಟು ಕೊಟ್ಟಿದ್ದರು. ಹಾಕಿಕೊಂಡಾಗ ಮೆತ್ತಗೆ, ಆರಾಮ ಅನಿಸಿತು. ಇಳಿಜಾರಿನಲ್ಲಿ ನಾನು ಕಾಲು ತಿರುಗಿಸಿದರೆ ಬೂಟಿನೊಳಗೆ ಕಾಲು ಮಾತ್ರ ತಿರುಗುತ್ತಿತ್ತು, ಸ್ಕೀ ಅಲ್ಲೇ ಇರುತ್ತಿತ್ತು. ಸಂಜೆ ಹೋಗಿ ಬದಲಾಯಿಸಿಕೊಂಡೆ. ಮರುದಿನ ಅದೇ ಇಳಿಜಾರು ಬೇರೆಯದೇ ಅನಿಸಿತು. ಬದಲಾಯಿಸಿ ಅಂತ ಕೇಳಲು ಸಂಕೋಚ ಬೇಡ, ಎಷ್ಟು ಸಲ ಬೇಕಾದರೂ ಕೇಳಿ.

ತೂಕ, ಎತ್ತರ, ವಯಸ್ಸು ಕೇಳುತ್ತಾರೆ. ಸರಿಯಾಗಿ ಹೇಳಿ, ಕಡಿಮೆ ಹೇಳಬೇಡಿ, ಹೆಚ್ಚೂ ಹೇಳಬೇಡಿ. ಬಿದ್ದಾಗ ಸ್ಕೀ ಕಾಲಿನಿಂದ ಕಳಚಿಕೊಳ್ಳಬೇಕು, ಇಲ್ಲದಿದ್ದರೆ ಮಂಡಿ ತಿರುಚುತ್ತದೆ. ಎಷ್ಟು ಒತ್ತಡಕ್ಕೆ ಕಳಚಬೇಕು ಅಂತ ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ) ಹೊಂದಿಸುವುದು ಈ ಲೆಕ್ಕದ ಮೇಲೆಯೇ. ಮೊದಲ ಸಲಕ್ಕೆ ಸ್ಕೀ ಗದ್ದದಷ್ಟು ಎತ್ತರ ಇದ್ದರೆ ಸಾಕು.

ಮೊದಲ ಮೂರು ದಿನ

ಯೂಟ್ಯೂಬ್ ನೋಡಿಯೋ ಗೆಳೆಯರಿಂದಲೋ ಕಲಿಯುವ ಯೋಚನೆ ಬಿಡಿ. ಸ್ಕೀ ಶಾಲೆಯ ಗುಂಪು ತರಗತಿಗೆ ಸೇರಿ. ಹೊಸಬರ ಗುಂಪು ಸಾಮಾನ್ಯವಾಗಿ ವಾರದ ಶುರುವಿನಲ್ಲೇ ಆರಂಭ ಆಗುತ್ತದೆ, ಆದ್ದರಿಂದ ಶನಿವಾರ ಇಲ್ಲವೇ ಭಾನುವಾರ ಊರು ತಲುಪುವ ಹಾಗೆ ಟಿಕೆಟ್ ಮಾಡಿಸಿ. ಬುಧವಾರ ಬಂದಿಳಿದರೆ ಖಾಸಗಿ ಪಾಠಕ್ಕೆ ಎರಡು ಮೂರು ಪಟ್ಟು ಕೊಡಬೇಕಾದೀತು.

ಕಲಿಯುವ ಜಾಗ ಸುನ್ನೆಗ್ಗಾ, 2,288 ಮೀಟರ್. ಊರಿನಿಂದ ಬೆಟ್ಟದೊಳಗಿನ ಸುರಂಗದಲ್ಲೇ ರೈಲು ಹತ್ತುತ್ತದೆ, ಐದು ನಿಮಿಷವೂ ಬೇಡ. ಹೊರಬಂದರೆ ಕಣ್ಣು ಕೋರೈಸುವ ಬಿಳುಪು, ಎದುರಿಗೇ ಮ್ಯಾಟರ್‌ಹಾರ್ನ್. ಸ್ವಲ್ಪ ಕೆಳಗೆ ಲೈಸೇ ಎಂಬ ಪುಟ್ಟ ಕೆರೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿರುತ್ತದೆ. ಅದರ ಪಕ್ಕದ ತಟ್ಟೆಯಂಥ ಜಾಗದಲ್ಲಿ ಕಲಿಸುತ್ತಾರೆ. ಮೇಲೆ ಹೋಗಲು ನೆಲದ ಮೇಲೆ ಚಲಿಸುವ ಪಟ್ಟಿ ಇದೆ, ಅದರ ಮೇಲೆ ನಿಂತರೆ ಸಾಕು. ನಾಲ್ಕು ವರ್ಷದ ಮಕ್ಕಳೂ ಅಲ್ಲೇ, ಅರವತ್ತರ ಅಜ್ಜಂದಿರೂ ಅಲ್ಲೇ.

ಮೊದಲ ದಿನ ಬೆಳಗ್ಗೆ ಬರೀ ನಡೆಯುವುದು. ಒಂದು ಕಾಲಿಗೆ ಸ್ಕೀ ಹಾಕಿ ತಳ್ಳಿಕೊಂಡು ಹೋಗುವುದು, ಆಮೇಲೆ ಇನ್ನೊಂದು ಕಾಲಿಗೆ. ಆಮೇಲೆ ನಿಲ್ಲುವುದು ಹೇಗೆ ಅಂತ. ಎರಡು ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ. ಹಿಮ್ಮಡಿಯನ್ನು ಹೊರಕ್ಕೆ ಒತ್ತಿದಷ್ಟೂ ವೇಗ ಕಡಿಮೆ. ತಿರುಗುವುದೂ ಇದರಿಂದಲೇ: ಬಲಗಾಲಿನ ಮೇಲೆ ಭಾರ ಹಾಕಿದರೆ ಎಡಕ್ಕೆ ತಿರುಗುತ್ತೀರಿ, ಎಡಗಾಲಿನ ಮೇಲೆ ಹಾಕಿದರೆ ಬಲಕ್ಕೆ. ಕೇಳಲು ಸುಲಭ, ಅಲ್ವಾ? ಕಷ್ಟ ಎಲ್ಲಿದೆ ಅಂದರೆ, ಹೆದರಿಕೆ ಆದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಹಿಂದಕ್ಕೆ ವಾಲಿದ ಕ್ಷಣ ಸ್ಕೀ ಮುಂದಕ್ಕೆ ನುಗ್ಗುತ್ತದೆ. ಬೆಟ್ಟ ಇಳಿಯುವಾಗ ಹಿಂದೆ ವಾಲುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ, ಇಲ್ಲಿ ಅದನ್ನು ಬಿಡಬೇಕು. ಬೂಟಿನ ಮುಂಭಾಗಕ್ಕೆ ಕಾಲಿನ ಎಲುಬು ಸದಾ ಒತ್ತಿಕೊಂಡೇ ಇರಬೇಕು. ನಮ್ಮ ಬೋಧಕರು ಪ್ರತಿ ಐದು ನಿಮಿಷಕ್ಕೆ ಹೇಳುತ್ತಿದ್ದದ್ದು ಇದೊಂದನ್ನೇ. ಇನ್ನೊಂದು, ಕಣ್ಣು ಸ್ಕೀ ತುದಿಯ ಮೇಲೆ ಇರಬಾರದು. ಎಲ್ಲಿಗೆ ಹೋಗಬೇಕೋ ಅತ್ತ ನೋಡಿ, ಮೈ ಅತ್ತಲೇ ಹೋಗುತ್ತದೆ.

ಬೀಳುತ್ತೀರಿ. ಬೀಳುವುದಾದರೆ ಪಕ್ಕಕ್ಕೆ ಬೀಳಿ. ಏಳುವಾಗ ಸ್ಕೀಗಳನ್ನು ಇಳಿಜಾರಿಗೆ ಅಡ್ಡ ತಂದು, ನಿಮಗಿಂತ ಕೆಳಗೆ ಇಟ್ಟುಕೊಂಡು, ಆಮೇಲೆ ಏಳಿ. ಸ್ಕೀ ಕೆಳಮುಖವಾಗಿ ಇದ್ದರೆ ಎದ್ದ ತಕ್ಷಣ ಮತ್ತೆ ಜಾರುತ್ತದೆ.

ಎರಡನೇ ದಿನ ಮೈಯೆಲ್ಲ ನೋವು, ಅವತ್ತೇ ಬಿಟ್ಟುಬಿಡುವ ಮನಸ್ಸಾಗುತ್ತದೆ. ಬಿಡಬೇಡಿ. ಮೂರನೇ ದಿನ ಮಧ್ಯಾಹ್ನ ನನಗೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ, ಮತ್ತೆ ಎಡಕ್ಕೆ ಅಂತ ನಿಲ್ಲದೆ ಕೆಳಗಿನವರೆಗೆ ಬರಲು ಆಯಿತು. ಸ್ಕೀ ಕೆಳಗೆ ಹಿಮ ಸರ್ರ್ ಅನ್ನುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಕೆಳಗೆ ಅಪ್ಪ ಕೈ ಬೀಸುತ್ತಿದ್ದರು. ಆ ಖುಷಿಯನ್ನು ಒಂದು ದಿನದ ಟೂರ್‌ನವರು ಕಳೆದುಕೊಳ್ಳುತ್ತಾರಲ್ಲ ಅಂತ ನನಗೆ ಈಗಲೂ ಬೇಜಾರು.

ನಾಲ್ಕನೇ ದಿನದಿಂದ

ಹಾದಿಗಳಿಗೆ ಬಣ್ಣ ಇದೆ. ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ಇವಲ್ಲದೆ ಹಳದಿ ಹಾದಿಗಳೂ ಇವೆ, ಅವುಗಳಲ್ಲಿ ಯಂತ್ರದಿಂದ ಹಿಮ ಸಮ ಮಾಡಿರುವುದಿಲ್ಲ, ನಿಮಗೆ ಅಲ್ಲ. ಗುರುತು ಹಾಕಿದ ಹಾದಿ ಬಿಟ್ಟು ಆಚೆ ಹೋಗಲೇಬೇಡಿ. ಅಲ್ಲಿ ಹಿಮಕುಸಿತದ ಭಯ ಇದೆ, ಹಿಮನದಿಯ ಮೇಲಾದರೆ ಮೇಲ್ಪದರದ ಕೆಳಗೆ ಆಳವಾದ ಬಿರುಕುಗಳು ಇರುತ್ತವೆ.

ನೀಲಿ ಹಾದಿಗೆ ಗೊರ್ನರ್‌ಗ್ರಾಟ್ ಕಡೆ, ರಿಫೆಲ್‌ಬೆರ್ಗ್ ಸುತ್ತ ಹೋಗಿ. ಅಗಲ ಚೆನ್ನಾಗಿದೆ, ರೈಲಲ್ಲೇ ಮೇಲೆ ಹೋಗಬಹುದು. ಚೇರ್‌ಲಿಫ್ಟ್ (ತಂತಿಯಲ್ಲಿ ತೂಗುತ್ತಾ ಸಾಗುವ ಕುರ್ಚಿ) ಹತ್ತುವಾಗ ಕೋಲಿನ ಪಟ್ಟಿ ಮಣಿಕಟ್ಟಿನಿಂದ ಬಿಚ್ಚಿ ಒಂದೇ ಕೈಯಲ್ಲಿ ಹಿಡಿದುಕೊಳ್ಳಿ, ಹಿಂದೆ ನೋಡಿ ಕೂತುಕೊಳ್ಳಿ, ಇಳಿಯುವಾಗ ಸ್ಕೀ ತುದಿ ಮೇಲೆತ್ತಿ. ಕೆಳಗೆ ಇರುವವರಿಗೇ ಮೊದಲ ಹಕ್ಕು, ಅವರನ್ನು ತಪ್ಪಿಸಿ ಹೋಗುವುದು ಮೇಲಿನಿಂದ ಬರುವವರ ಹೊಣೆ. ಈ ನಿಯಮ ಎಲ್ಲ ಸ್ಕೀ ತಾಣಗಳಲ್ಲೂ ಒಂದೇ.

ಸಂಜೆ ಊರಿನವರೆಗೆ ಸ್ಕೀ ಮೇಲೇ ಇಳಿಯುವ ಆಸೆ ಎಲ್ಲರಿಗೂ. ಆದರೆ ಆ ಹೊತ್ತಿಗೆ ಕೆಳಗಿನ ಹಾದಿಗಳು ಕಿರಿದು, ಜನ ಜಾಸ್ತಿ, ಹಿಮ ಗಟ್ಟಿಯಾಗಿ ಗಾಜಿನಂತೆ ಆಗಿರುತ್ತದೆ, ನಿಮ್ಮ ಕಾಲೂ ಸೋತಿರುತ್ತದೆ. ಲಿಫ್ಟ್‌ನಲ್ಲೇ ಕೆಳಗೆ ಬನ್ನಿ. ಅದರಲ್ಲಿ ಕೀಳರಿಮೆ ಏನಿಲ್ಲ.

ಮೊದಲೇ ಹೇಳಿದ 3,883 ಮೀಟರಿನ ಜಾಗ ಕ್ಲೈನ್ ಮ್ಯಾಟರ್‌ಹಾರ್ನ್, ಇದು ಮ್ಯಾಟರ್‌ಹಾರ್ನ್ ಅಲ್ಲ, ಬೇರೆ ಶಿಖರ. ಅಲ್ಲಿಗೆ ಒಂದು ದಿನ ಸ್ಕೀ ಇಲ್ಲದೆ, ನೋಡಲು ಹೋಗಿ. ಅಲ್ಲಿ ಹಿಮನದಿಯೊಳಗೆ ಕೊರೆದ ಗುಹೆ ಇದೆ, ಮೇಲೆ ನೋಟದ ಅಟ್ಟ ಇದೆ. ಒಂದು ಗಂಟೆಯೊಳಗೆ ಅಷ್ಟು ಎತ್ತರ ಹೋಗುವುದರಿಂದ ತಲೆ ಹಗುರ ಆಗುತ್ತದೆ, ಏದುಸಿರು ಬರುತ್ತದೆ. ಮೆಟ್ಟಿಲನ್ನು ನಿಧಾನಕ್ಕೆ ಹತ್ತಿ, ನೀರು ಕುಡಿಯಿರಿ, ತಲೆನೋವು ಜಾಸ್ತಿ ಆದರೆ ಕೂತು ನೋಡುವುದಲ್ಲ, ಕೆಳಗೆ ಇಳಿಯುವುದೇ ಮದ್ದು. ಹೃದಯದ ತೊಂದರೆ ಇರುವವರು ನಮ್ಮೂರಲ್ಲೇ ವೈದ್ಯರನ್ನು ಕೇಳಿಕೊಂಡು ಬನ್ನಿ. ಹೊರಡುವ ಮುಂಚೆ ವೆಬ್ ಕ್ಯಾಮೆರಾ ನೋಡಿ. ಜೋರು ಗಾಳಿ ಇದ್ದರೆ ಇದನ್ನೇ ಮೊದಲು ಮುಚ್ಚುತ್ತಾರೆ.

2023ರಿಂದ ಇಲ್ಲಿಂದ ಇಟಲಿ ಕಡೆಗೂ ಕೇಬಲ್ ಕಾರ್ ಇದೆ. ಚೆನ್ನಾಗಿ ಸ್ಕೀ ಬರುವವರು ಚೆರ್ವೀನಿಯಾಕ್ಕೆ ಇಳಿದು ಪಾಸ್ತಾ ತಿಂದು ಬರುತ್ತಾರೆ. ಹೋಗುವುದಾದರೆ ಪಾಸ್‌ಪೋರ್ಟ್ ಜೇಬಿನಲ್ಲಿರಲಿ, ಕೊನೆಯ ಲಿಫ್ಟ್ ಸಮಯ ಬರೆದುಕೊಳ್ಳಿ. ಅದು ತಪ್ಪಿದರೆ ಬೆಟ್ಟ ಸುತ್ತಿ ರಸ್ತೆಯಲ್ಲಿ ಬರಲು ಎಷ್ಟೋ ಗಂಟೆ ಬೇಕು.

ಸ್ಕೀ ಮಾಡದ ಅಪ್ಪ ಅಮ್ಮನಿಗೆ

ಗೊರ್ನರ್‌ಗ್ರಾಟ್ ರೈಲು. 1898ರಲ್ಲಿ ಶುರುವಾದಾಗ ಸ್ವಿಟ್ಜರ್ಲೆಂಡಿನ ಮೊದಲ ವಿದ್ಯುತ್ ಹಲ್ಲುಪಟ್ಟಿ ರೈಲು ಇದೇ. 33 ನಿಮಿಷದಲ್ಲಿ 3,089 ಮೀಟರ್ ತಲುಪಿಸುತ್ತದೆ, ನಡೆಯುವ ಕಷ್ಟ ಇಲ್ಲ. ಹತ್ತುವಾಗ ಬಲಗಡೆ ಕೂರಿಸಿ, ಮ್ಯಾಟರ್‌ಹಾರ್ನ್ ಆ ಕಡೆ ಬರುತ್ತದೆ. ತುದಿಯಲ್ಲಿ ನಿಂತರೆ ದೇಶದ ಅತಿ ಎತ್ತರದ ಶಿಖರ ಡುಫೋರ್‌ಷ್ಪಿಟ್ಸೆ ಎದುರಿಗೆ, ಕೆಳಗೆ ಗೊರ್ನರ್ ಹಿಮನದಿ ಮಡಿಸಿಟ್ಟ ಬಟ್ಟೆಯ ಹಾಗೆ. ಅಮ್ಮ ಮುಕ್ಕಾಲು ಗಂಟೆ ಕಲ್ಲುಬೆಂಚಿನ ಮೇಲೆ ಕೂತೇ ಇದ್ದರು, ಫೋನ್ ಹೊರಗೆ ತೆಗೆಯಲಿಲ್ಲ. ಗಟ್ಟಿಮುಟ್ಟಾಗಿರುವವರು ರೋಟೆನ್‌ಬೋಡೆನ್‌ನಲ್ಲಿ ಇಳಿದು ಮರದ ಜಾರುಗಾಡಿಯಲ್ಲಿ ರಿಫೆಲ್‌ಬೆರ್ಗ್‌ವರೆಗೆ ಜಾರಬಹುದು, ಸುಮಾರು ಒಂದೂವರೆ ಕಿಲೋಮೀಟರ್. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಈ ರೈಲಿಗೆ ಅರ್ಧ ದರ.

ಸಂಜೆ, ಊರೊಳಗೆ

ಮೂರು ಗಂಟೆಯ ಮೇಲೆ ಊರು ತುಂಬುತ್ತದೆ. ಬಾನ್‌ಹೋಫ್‌ಷ್ಟ್ರಾಸೆ ಎಂಬ ಮುಖ್ಯ ಬೀದಿಯಲ್ಲಿ ಜನ ಸ್ಕೀ ಹೆಗಲಿಗೇರಿಸಿ ಬೂಟು ಟಕಟಕ ಅನ್ನಿಸುತ್ತಾ ನಡೆಯುತ್ತಾರೆ. ಗಡಿಯಾರದ ಅಂಗಡಿ, ಬೇಕರಿ, ಬಾರು, ಎಲ್ಲಾ ಕಡೆ ಬೆಳಕು. ಊರಿಗೆ ಇಳಿಯುವ ಸ್ಕೀ ಹಾದಿಯ ಪಕ್ಕದಲ್ಲೇ ಹೆನ್ನು ಷ್ಟಾಲ್ ಎಂಬ ಬಾರ್ ಇದೆ, ಹಿಮದ ಮೇಲೇ ಹಾಡು, ಕುಣಿತ, ಬೂಟು ಬಿಚ್ಚದೆ. ಒಂದು ಸಲ ನೋಡಲೇಬೇಕಾದ ಗಲಾಟೆ ಅದು. ಕುಡಿಯುವವರು ಇಷ್ಟು ನೆನಪಿಡಿ, ಅಲ್ಲಿಂದ ಊರಿಗೆ ಇನ್ನೂ ಇಳಿಜಾರು ಬಾಕಿ ಇದೆ, ಕುಡಿದ ಮೇಲೆ ಸ್ಕೀ ಕಟ್ಟಬೇಡಿ. ಕುಡಿಯದವರಿಗೆ ಬಿಸಿ ಚಾಕೊಲೇಟ್ ಎಲ್ಲೆಡೆ ಇದೆ.

ಗದ್ದಲದಿಂದ ಎರಡು ನಿಮಿಷ ನಡೆದು ಹಿಂಟರ್‌ಡೋರ್ಫ್‌ಗೆ ಹೋಗಿ. ಹೆಸರಿನ ಅರ್ಥವೇ ಹಿಂದಿನ ಊರು. 16ರಿಂದ 18ನೇ ಶತಮಾನದ ಮರದ ಕಟ್ಟಡಗಳು, ಬಿಸಿಲಿಗೆ ಕಪ್ಪಾದ ಲಾರ್ಚ್ ಮರ, ಮಾಡಿಗೆ ಚಪ್ಪಟೆ ಕಲ್ಲುಗಳು. ಇವುಗಳಲ್ಲಿ ಕೆಲವು ಕಣಜಗಳು. ಗಿಡ್ಡ ಕಂಬಗಳ ಮೇಲೆ ನಿಂತಿವೆ, ಕಂಬಕ್ಕೂ ಕಟ್ಟಡಕ್ಕೂ ನಡುವೆ ಬೀಸುವ ಕಲ್ಲಿನಷ್ಟು ಅಗಲದ ದುಂಡು ಕಲ್ಲು. ನಾನು ಚಂದ ಇದೆ ಅಂತ ಫೋಟೋ ತೆಗೆಯುತ್ತಿದ್ದರೆ ಅಮ್ಮ ಬಗ್ಗಿ ನೋಡಿ, “ಇದು ಇಲಿಗೆ ಮಾಡಿದ್ದು ಕಣೇ, ಕಂಬ ಹತ್ತಿ ಬಂದರೂ ಈ ಕಲ್ಲಿನ ಅಂಚು ದಾಟೋಕಾಗಲ್ಲ” ಅಂದರು. ನಿಜವಾಗಿಯೂ ಅದಕ್ಕೇ. ಕಾಳು ಇಟ್ಟುಕೊಂಡು ಬದುಕಿದವರ ಕಣ್ಣಿಗೆ ಅದು ಕೂಡಲೇ ತಿಳಿಯುತ್ತದೆ.

ಚರ್ಚಿನ ಪಕ್ಕ ನೆಲದಡಿಯಲ್ಲಿ ಮ್ಯಾಟರ್‌ಹಾರ್ನ್ ಮ್ಯೂಸಿಯಂ ಇದೆ. 4,478 ಮೀಟರಿನ ಆ ಶಿಖರವನ್ನು ಮೊದಲು ಹತ್ತಿದ್ದು 1865ರ ಜುಲೈ 14ರಂದು, ಎಡ್ವರ್ಡ್ ವಿಂಪರ್ ಎಂಬ 25ರ ಯುವಕನ ತಂಡ. ಏಳು ಜನ ತುದಿ ಮುಟ್ಟಿದರು. ಇಳಿಯುವಾಗ ಒಬ್ಬರು ಜಾರಿ, ಹಗ್ಗ ತುಂಡಾಗಿ, ನಾಲ್ವರು ಬಿದ್ದು ತೀರಿಕೊಂಡರು. ಉಳಿದವರು ವಿಂಪರ್ ಮತ್ತು ಟೌಗ್‌ವಾಲ್ಡರ್ ಎಂಬ ಇದೇ ಊರಿನ ತಂದೆ ಮಗ. ಆ ತುಂಡಾದ ಹಗ್ಗ ಗಾಜಿನೊಳಗಿದೆ. ಬಟ್ಟೆ ಒಣಹಾಕುವ ಹಗ್ಗಕ್ಕಿಂತ ಹೆಚ್ಚು ದಪ್ಪ ಇಲ್ಲ. ಹೊರಗೆ ಬಂದು ಪಕ್ಕದ ಪರ್ವತಾರೋಹಿಗಳ ಸಮಾಧಿಗಳನ್ನೂ ನೋಡಿ, ವಯಸ್ಸುಗಳನ್ನು ಓದಿ. ಆಮೇಲೆ ಆ ಬೆಟ್ಟ ಬರೀ ಚಾಕೊಲೇಟ್ ಡಬ್ಬಿಯ ಚಿತ್ರವಾಗಿ ಉಳಿಯುವುದಿಲ್ಲ. ಊರಿನವರು ತಮ್ಮ ಮಾತಿನಲ್ಲಿ ಅದನ್ನು ಸುಮ್ನೆ ಹೋರು ಅನ್ನುತ್ತಾರೆ, ಕೊಂಬು ಅಂತ.

ಊಟ

ವಾಲಿಸ್ ಸೀಮೆಯ ಊಟ ರಾಕ್ಲೆಟ್. ಅರ್ಧ ಚಕ್ರದಷ್ಟು ಚೀಸನ್ನು ಬೆಂಕಿಗೆ ಹಿಡಿದು, ಕರಗಿದ ಮೇಲ್ಭಾಗವನ್ನು ಚಾಕುವಿನಿಂದ ತಟ್ಟೆಗೆ ಎಳೆಯುತ್ತಾರೆ. ಜೊತೆಗೆ ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ, ವಿನೆಗರ್‌ನಲ್ಲಿ ಹಾಕಿದ ಪುಟ್ಟ ಈರುಳ್ಳಿ ಮತ್ತು ಮಿಡಿ ಸೌತೆ. ಈ ಮಿಡಿ ಸೌತೆಯನ್ನು ನಮ್ಮ ತುಮಕೂರು, ಹಾಸನ ಕಡೆಯ ರೈತರೂ ಬೆಳೆದು ಯುರೋಪಿಗೆ ಕಳಿಸುತ್ತಾರೆ. ಫೊಂಡ್ಯೂ ಅಂದರೆ ಕರಗಿಸಿದ ಚೀಸ್‌ಗೆ ಬ್ರೆಡ್ ಅದ್ದಿ ತಿನ್ನುವುದು, ಅದರಲ್ಲಿ ಬಿಳಿ ವೈನ್ ಇರುತ್ತದೆ. ಬೇಡದವರು ಮೊದಲೇ ಕೇಳಿ. ರೋಷ್ಟಿ ಎಂಬ ತುರಿದ ಆಲೂಗಡ್ಡೆಯ ದೋಸೆಯಂಥದ್ದು ನಮ್ಮ ಬಾಯಿಗೆ ಹಿಡಿಸುತ್ತದೆ, ಆದರೆ ಹಲವು ಕಡೆ ಹಂದಿಮಾಂಸದ ಚೂರು ಹಾಕುತ್ತಾರೆ. “ಓನೆ ಷ್ಪೆಕ್” ಅನ್ನಿ, ಹಾಕುವುದಿಲ್ಲ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಇದು ಗೊತ್ತಿರಲಿ: ಅಲ್ಲಿನ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ.

ದಿನಾ ಹೊರಗೆ ತಿನ್ನುವ ಅಗತ್ಯ ಇಲ್ಲ. ನಿಲ್ದಾಣದ ಹತ್ತಿರ ಕೋಪ್ ಅಂಗಡಿ ಇದೆ. ಅಕ್ಕಿ, ಮೊಸರು, ತರಕಾರಿ, ಬ್ರೆಡ್ ಎಲ್ಲಾ ಸಿಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಸಂಜೆ ಬಿಸಿ ಅನ್ನ, ತಿಳಿಸಾರು, ಮೊಸರು. ಹಿಮದಲ್ಲಿ ದಿನವಿಡೀ ಇದ್ದು ಬಂದವರಿಗೆ ಅದಕ್ಕಿಂತ ಬೇಕಾದ್ದು ಇನ್ನೇನೂ ಇರುವುದಿಲ್ಲ. ನಲ್ಲಿ ನೀರು ಕುಡಿಯಬಹುದು, ಬಾಟಲಿಗೆ ದುಡ್ಡು ಹಾಕಬೇಡಿ.

ಏನಾದರೂ ಆದರೆ

ಆಂಬುಲೆನ್ಸ್ ನಂಬರ್ 144. ಫೋನಿನಲ್ಲಿ ಈಗಲೇ ಹಾಕಿಕೊಳ್ಳಿ. ಏರ್ ಜೆರ್ಮಾಟ್ ಎಂಬ ಹೆಲಿಕಾಪ್ಟರ್ ಸಂಸ್ಥೆ 1968ರಿಂದ ಇಲ್ಲಿ ಜನರನ್ನು ಬೆಟ್ಟದಿಂದ ಎತ್ತಿ ತರುತ್ತಿದೆ. ಯಾರಾದರೂ ಬಿದ್ದಿದ್ದರೆ ಅವರಿಗಿಂತ ಸ್ವಲ್ಪ ಮೇಲೆ ಎರಡು ಸ್ಕೀಗಳನ್ನು ಅಡ್ಡಡ್ಡ ಹಿಮಕ್ಕೆ ಚುಚ್ಚಿ ನಿಲ್ಲಿಸಿ, ಬರುವವರಿಗೆ ಕಾಣುತ್ತದೆ. ಹತ್ತಿರದ ಹಾದಿ ಕಂಬದ ಮೇಲಿನ ನಂಬರ್ ಓದಿ ಹೇಳಿದರೆ ಬೇಗ ಬರುತ್ತಾರೆ.

ಇನ್ನೊಂದು, ಹೊರಡುವ ದಿನದ ವಿಷಯ. ಜೆರ್ಮಾಟ್‌ಗೆ ಇರುವುದು ಒಂದೇ ಕಣಿವೆ ದಾರಿ. 2018ರ ಜನವರಿಯಲ್ಲಿ ಭಾರೀ ಹಿಮ ಬಿದ್ದು ರಸ್ತೆ, ರೈಲು ಎರಡೂ ಮುಚ್ಚಿ ಸುಮಾರು 13,000 ಪ್ರವಾಸಿಗರು ಊರಲ್ಲೇ ಸಿಕ್ಕಿಕೊಂಡಿದ್ದರು. ಆದ್ದರಿಂದ ಬೆಟ್ಟದಿಂದ ಇಳಿದ ದಿನವೇ ವಿಮಾನ ಹಿಡಿಯುವ ಹಾಗೆ ಟಿಕೆಟ್ ಮಾಡಿಸಬೇಡಿ. ಕೊನೆಯ ಒಂದು ರಾತ್ರಿ ಜ್ಯೂರಿಕ್‌ನಲ್ಲೋ ಬೆರ್ನ್‌ನಲ್ಲೋ ಇರಲಿ.

ಬಾಡಿಗೆ ಸಾಮಾನನ್ನು ಹಿಂದಿನ ಸಂಜೆಯೇ ಒಪ್ಪಿಸಿಬಿಡಿ. ಆಗ ಕೊನೆಯ ಬೆಳಗ್ಗೆ ಖಾಲಿ ಇರುತ್ತದೆ. ಸೂರ್ಯ ಹುಟ್ಟುವುದಕ್ಕೆ ಇಪ್ಪತ್ತು ನಿಮಿಷ ಮುಂಚೆ ಚರ್ಚಿನ ಹತ್ತಿರದ ಸೇತುವೆಗೆ ಹೋಗಿ ನಿಲ್ಲಿ. ಊರು ಇನ್ನೂ ಕತ್ತಲಲ್ಲಿ ಇರುವಾಗ ಮ್ಯಾಟರ್‌ಹಾರ್ನ್ ತುದಿಗೆ ಮಾತ್ರ ಕಿತ್ತಳೆ ಬಣ್ಣ ಹತ್ತುತ್ತದೆ, ಆಮೇಲೆ ಮೆಲ್ಲಗೆ ಕೆಳಗಿಳಿಯುತ್ತದೆ. ಹತ್ತು ಹದಿನೈದು ನಿಮಿಷ, ಅಷ್ಟೇ. ಕೈಗವಸು ಹಾಕಿಕೊಂಡು ಹೋಗಿ, ಸೇತುವೆಯ ಕಂಬಿ ಮುಟ್ಟಲಾಗದಷ್ಟು ತಣ್ಣಗಿರುತ್ತದೆ.